ನಕ್ಷತ್ರಗುಚ್ಛ, ಕಪ್ಪುಕುಳಿ, ಗ್ರಹ: ಮೂರನ್ನೂ ಒಬ್ಬರೇ ಸಂಶೋಧನೆ ಮಾಡೋದು ಹೇಗೆ?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ದಡ್ಡ ಪ್ರಶ್ನೆ ಅನ್ನಿಸಿದರೆ ಬೈಯಬೇಡಿ. ನಮ್ಮ ಅಕ್ಕನ ಮಗಳು ಎಂಎಸ್ಸಿ ಫಿಸಿಕ್ಸ್ ಕೊನೆ ವರ್ಷದಲ್ಲಿದ್ದಾಳೆ. ಮುಂದೆ ಪಿಎಚ್‌ಡಿ, ಅದೂ ಥಿಯರಿಯಲ್ಲೇ ಅಂತ ಹಠ. ಯಾವ ವಿಷಯಮ್ಮಾ ಅಂದರೆ ನಕ್ಷತ್ರಗುಚ್ಛ, ಕಪ್ಪುಕುಳಿ, ಗ್ರಹ ಅಂದಳು. ಮೂರರಲ್ಲಿ ಯಾವುದು ಅಂತ ಕೇಳಿದೆ. ‘ಮೂರೂ ಒಂದೇ ಮಾಮ’ ಅಂದು ಫೋನ್ ಇಟ್ಟುಬಿಟ್ಟಳು.

ಹೋದ ಏಪ್ರಿಲ್‌ನಲ್ಲಿ ಅವಳೇ ನಮ್ಮನ್ನೆಲ್ಲ ಊರಾಚೆ ಹೊಲಕ್ಕೆ ಕರೆದುಕೊಂಡು ಹೋಗಿ ದಕ್ಷಿಣ ದಿಕ್ಕಿನಲ್ಲಿ ಒಮೆಗಾ ಸೆಂಟಾರಿ ಅನ್ನುವ ನಕ್ಷತ್ರಗುಚ್ಛ ತೋರಿಸಿದ್ದಳು. ಬೈನಾಕ್ಯುಲರ್‌ನಲ್ಲಿ ಮಂಜಿನ ಉಂಡೆ, ಟೆಲಿಸ್ಕೋಪ್‌ನಲ್ಲಿ ಚಿರೋಟಿ ರವೆ ಚೆಲ್ಲಿದ ಹಾಗೆ. ಸುಮಾರು 1 ಕೋಟಿ ನಕ್ಷತ್ರ ಇವೆಯಂತೆ ಅದರಲ್ಲಿ. ಅದು ಕಣ್ಣಿಗೆ ಕಂಡಿತು, ಒಪ್ಪಿದೆ. ಆದರೆ ಟೆಲಿಸ್ಕೋಪ್ ಮುಟ್ಟದೆ ಕಂಪ್ಯೂಟರ್ ಮುಂದೆ ಕೂತು ಅದರೊಳಗೆ ಕಪ್ಪುಕುಳಿ ಇದೆ, ಗ್ರಹ ಇದೆ ಅಂತ ಹೇಳುವವರನ್ನು ನಂಬೋದು ಹೇಗೆ? ಅಕ್ಕ ದಿನಾ ಕೇಳ್ತಾಳೆ, ನಾನು ಏನಾದರೂ ಹೇಳಬೇಕಲ್ಲ.

ಬಂಡೆಮೇಲೆ_ಬೈನಾಕ್ಯುಲರ್:

ಹುಡುಗಿ ಹೇಳಿದ್ದು ಸರಿಯಾಗೇ ಇದೆ ಸರ್. ಹೆಸರು ಮೂರು, ಪ್ರಶ್ನೆ ಒಂದೇ: ತುಂಬಾ ಕಾಯಗಳು ಒಂದನ್ನೊಂದು ಎಳೆದುಕೊಳ್ಳುತ್ತಾ ನೂರಾರು ಕೋಟಿ ವರ್ಷ ಸುತ್ತಿದರೆ ಯಾವುದು ಒಳಗೆ ಉಳಿಯುತ್ತದೆ, ಯಾವುದು ಹೊರಗೆ ಬೀಳುತ್ತದೆ.

ಮೊರದಲ್ಲಿ ಕೇರುವುದನ್ನು ನೋಡಿದ್ದೀರಲ್ಲ, ಗಟ್ಟಿ ಕಾಳು ಒಳಗೆ, ಹೊಟ್ಟು ಆಚೆಗೆ. ಗುಚ್ಛದಲ್ಲೂ ಭಾರದ ನಕ್ಷತ್ರ ಹಗುರವಾದವುಗಳ ನಡುವೆ ಹಾದು ಹೋಗುವಾಗ ತನ್ನ ಓಟವನ್ನು ಅವಕ್ಕೆ ಸ್ವಲ್ಪ ಸ್ವಲ್ಪವೇ ಹಂಚಿ ನಿಧಾನವಾಗಿ ನಡುವಿಗೆ ಇಳಿಯುತ್ತದೆ. ಈ ಎಳೆತದ ಲೆಕ್ಕವನ್ನು ಖಭೌತ ವಿಜ್ಞಾನಿ ಚಂದ್ರಶೇಖರ್ 1943ರಲ್ಲೇ ಹಾಕಿಟ್ಟಿದ್ದಾರೆ. ದೊಡ್ಡ ನಕ್ಷತ್ರಗಳು ಬೇಗ ಸತ್ತು ಕಪ್ಪುಕುಳಿ ಆಗುತ್ತವೆ, ಆಮೇಲೆ ಗುಚ್ಛದಲ್ಲಿ ಅವೇ ಎಲ್ಲಕ್ಕಿಂತ ಭಾರ, ಹಾಗಾಗಿ ನಟ್ಟನಡುವೆ ಅವುಗಳದೇ ಒಂದು ಗುಂಪು. ಅಲ್ಲಿ ಎರಡು ಜೋಡಿಯಾದವು ಅನ್ನಿ. ಮೂರನೆಯದು ಹತ್ತಿರ ಬಂದರೆ ಅದನ್ನು ಒದ್ದು ಓಡಿಸಿ ಜೋಡಿ ಇನ್ನಷ್ಟು ಬಿಗಿಯಾಗುತ್ತದೆ. ಮೊದಲೇ ಸಡಿಲವಾಗಿದ್ದ ಜೋಡಿಯಾದರೆ ಉಲ್ಟಾ, ಮುರಿದೇ ಹೋಗುತ್ತದೆ. ಗಟ್ಟಿಯದು ಇನ್ನೂ ಗಟ್ಟಿ, ಸಡಿಲದ್ದು ಇನ್ನೂ ಸಡಿಲ. 1975ರಲ್ಲಿ ಡಗ್ಲಸ್ ಹೆಗಿ ಇದನ್ನು ಗಣಿತದಲ್ಲಿ ತೋರಿಸಿದರು. (ನಮ್ಮಜ್ಜಿ ಮದುವೆಗಳ ಬಗ್ಗೆ ಇದನ್ನೇ ಹೇಳ್ತಿದ್ರು, ಗಣಿತ ಇಲ್ಲದೆ.)

ಈಗ ಗ್ರಹಕ್ಕೆ ಬನ್ನಿ. 1995ರಲ್ಲಿ 51 ಪೆಗಾಸಿ ನಕ್ಷತ್ರದ ಸುತ್ತ ಗುರುವಿನಂಥ ಗ್ರಹ ಸಿಕ್ಕಿತು, ಬರೀ 4.2 ದಿನಕ್ಕೆ ಒಂದು ಸುತ್ತು. ಅಷ್ಟು ಹತ್ತಿರ ಅಂಥ ದೈತ್ಯ ಹುಟ್ಟುವುದು ಕಷ್ಟ. ಮತ್ತೆ ಹೇಗೆ ಬಂತು? ಮರುವರ್ಷವೇ ಫ್ರೆಡ್ ರೇಸಿಯೊ ಮತ್ತು ಎರಿಕ್ ಫೋರ್ಡ್ ಒಂದು ದಾರಿ ಹೇಳಿದರು: ಎರಡು ದೊಡ್ಡ ಗ್ರಹ ಹತ್ತಿರ ಬಂದು ಕಿತ್ತಾಡಿದರೆ ಒಂದು ಆಚೆ ಚಿಮ್ಮಬಹುದು, ಇನ್ನೊಂದು ನಕ್ಷತ್ರದ ಹತ್ತಿರಕ್ಕೆ ಬೀಳಬಹುದು. ಇದೊಂದೇ ದಾರಿ ಅಂತ ಅಲ್ಲ, ಬೇರೆ ವಿವರಣೆಗಳೂ ಇವೆ. ಆದರೆ ಗಮನಿಸಿ, ಕಪ್ಪುಕುಳಿಗಳ ಕಥೆಯೇ ಇದು, ಪಾತ್ರ ಮಾತ್ರ ಬೇರೆ. ರೇಸಿಯೊ ಅವರ ಗುಂಪು ಈ ಮೂರರ ಮೇಲೂ ಕೆಲಸ ಮಾಡಿದೆ.

ಕಂಪ್ಯೂಟರ್ ಯಾಕೆ ಅಂದರೆ, 10 ಲಕ್ಷ ನಕ್ಷತ್ರ ಇದ್ದರೆ ಜೋಡಿ ಜೋಡಿಯಾಗಿ ನೋಡಲು ಸುಮಾರು 50 ಸಾವಿರ ಕೋಟಿ ಎಳೆತ, ಅದೂ ಪ್ರತಿ ಹೆಜ್ಜೆಗೆ. ಫ್ರಾನ್ಸಿನ ಮಿಶೆಲ್ ಎನೋ 1971ರ ಹೊತ್ತಿಗೆ ಒಂದು ಉಪಾಯ ಮಾಡಿದರು. ಗುಚ್ಛ ಉಂಡೆಯಾಗಿದೆ ಅಂತ ಇಟ್ಟುಕೊಂಡು, ಸಾವಿರಾರು ಸಣ್ಣ ನೂಕಾಟಗಳನ್ನು ಒಂದೇ ದೊಡ್ಡ ನೂಕು ಅಂತ ಲೆಕ್ಕ ಹಾಕೋದು, ದಾಳ ಎಸೆದ ಹಾಗೆ. ಈಗಲೂ ಆ ಉಪಾಯ ಓಡುತ್ತಿದೆ.

ಹಳೆಮೇಷ್ಟ್ರು:

ಮೇಲಿನವರು ಚೆನ್ನಾಗಿ ಹೇಳಿದರು, ಆದರೆ ನಂಬೋದು ಹೇಗೆ ಅನ್ನುವ ಪ್ರಶ್ನೆ ಹಾಗೇ ಉಳೀತಲ್ಲ. ನಾನು ಹೇಳ್ತೀನಿ: ಥಿಯರಿಯವರು ತಪ್ಪಿದ್ದೂ ಇದೆ.

1993ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಲೇಖನ ಬಂತು. ಬರೆದ ಮೂವರಲ್ಲಿ ಮೊದಲನೆಯವರು ನಮ್ಮ ಹುಬ್ಬಳ್ಳಿಯಲ್ಲಿ ಬೆಳೆದ ಶ್ರೀನಿವಾಸ ಕುಲಕರ್ಣಿ. ಗುಚ್ಛದ ನಡುವೆ ಸೇರಿದ ಕಪ್ಪುಕುಳಿಗಳು ಒಂದನ್ನೊಂದು ಒದ್ದು ಒದ್ದು ಹೆಚ್ಚುಕಡಿಮೆ ಎಲ್ಲವೂ ಹೊರಗೆ ಹೋಗಿಬಿಡುತ್ತವೆ ಅನ್ನೋದು ಅವರ ವಾದ. ಅಂದಿನ ಲೆಕ್ಕಕ್ಕೆ ಅದು ಸರಿಯೇ. ಬಹಳ ಕಾಲ ಜನ ಹಾಗೇ ಅಂದುಕೊಂಡಿದ್ದರು. ಆದರೆ 2012ರಲ್ಲಿ ಎಂ22 ಗುಚ್ಛದಲ್ಲಿ ರೇಡಿಯೋ ದೂರದರ್ಶಕಕ್ಕೆ ಕಪ್ಪುಕುಳಿಯಂಥ ಎರಡು ಚುಕ್ಕೆ ಸಿಕ್ಕವು. 2018ರಲ್ಲಿ ಎನ್‌ಜಿಸಿ 3201 ಗುಚ್ಛದಲ್ಲಿ ಒಂದು ನಕ್ಷತ್ರ ಕಾಣದ ಯಾವುದರದೋ ಸುತ್ತ ಓಲಾಡುತ್ತಿತ್ತು, ಆ ಕಾಣದ್ದರ ತೂಕ ಸೂರ್ಯನ 4 ಪಟ್ಟಿಗಿಂತ ಜಾಸ್ತಿ.

ಆಮೇಲೆ ಲೆಕ್ಕ ತಿದ್ದಿದರು. ನಡುವಿನ ಕುಳಿಗಳ ಗುಂಪು ಪೂರ್ತಿ ಬೇರೆ ಮನೆ ಮಾಡಿಕೊಂಡಿಲ್ಲ, ಸುತ್ತಲಿನ ನಕ್ಷತ್ರಗಳ ಜೊತೆ ಶಕ್ತಿಯ ಕೊಡು-ಕೊಳ್ಳು ನಡೀತಾನೇ ಇರುತ್ತದೆ, ಹಾಗಾಗಿ ಸೋರಿಕೆ ನಿಧಾನ. ಕೆಲವು ಗುಚ್ಛಗಳಲ್ಲಿ ನೂರಾರು ಕುಳಿ ಇವತ್ತಿಗೂ ಉಳಿದಿರಬಹುದು ಅಂತ ಈಗಿನ ಮಾದರಿಗಳು ಹೇಳುತ್ತವೆ. ಅಂಥ ಗುಚ್ಛದ ನಡುಭಾಗ ಉಬ್ಬಿಕೊಂಡಿರುತ್ತದೆ.

ಸರಿ ಬಂದದ್ದನ್ನೂ ಹೇಳಬೇಕು. 2000ದಲ್ಲೇ ಪೋರ್ಟೆಗೀಸ್ ಜ್ವಾರ್ಟ್ ಮತ್ತು ಮ್ಯಾಕ್‌ಮಿಲನ್ ಗುಚ್ಛದಿಂದ ಹೊರಬಿದ್ದ ಕಪ್ಪುಕುಳಿ ಜೋಡಿಗಳು ಆಚೆ ಹೋಗಿ ಒಂದಾಗುತ್ತವೆ, ಅದರ ಗುರುತ್ವ ಅಲೆ (ದೇಶಕಾಲದಲ್ಲೇ ಏಳುವ ಕಂಪನ) ನಮಗೆ ಸಿಗುತ್ತದೆ ಅಂದಿದ್ದರು. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ಅನ್ನುವ ಗುರುತ್ವ ಅಲೆ ಪತ್ತೆ ಯಂತ್ರಕ್ಕೆ ಮೊದಲ ಅಲೆ ಸಿಕ್ಕಿತು, ಸೂರ್ಯನ 36 ಪಟ್ಟು, 29 ಪಟ್ಟು ತೂಕದ ಎರಡು ಕುಳಿ ಒಂದಾದದ್ದು. ಅದು ಗುಚ್ಛದಲ್ಲೇ ಜೋಡಿಯಾಗಿತ್ತೋ, ಹುಟ್ಟಿನಿಂದಲೇ ಜೋಡಿಯೋ ಅನ್ನುವ ಜಗಳ ಇನ್ನೂ ಮುಗಿದಿಲ್ಲ. ಗುಚ್ಛದಲ್ಲಿ ಸೇರಿದವಾದರೆ ಅವು ಬುಗುರಿಯಂತೆ ತಮ್ಮಷ್ಟಕ್ಕೆ ತಿರುಗುವ ದಿಕ್ಕು ಒಂದಕ್ಕೊಂದು ಹೊಂದಬೇಕಾಗಿಲ್ಲ. ಅದನ್ನೇ ಅಳೆಯುತ್ತಾ ಕೂತಿದ್ದಾರೆ.

ರಾತ್ರಿಪಾಳಿ:

ಒಮೆಗಾ ಸೆಂಟಾರಿ ಬಗ್ಗೆ ಯಾರೂ ಹೇಳಲೇ ಇಲ್ಲವಲ್ಲ, ಪ್ರಶ್ನೆ ಕೇಳಿದವರು ನೋಡಿದ್ದೇ ಅದನ್ನ! ಹಬಲ್ ಬಾಹ್ಯಾಕಾಶ ದೂರದರ್ಶಕ 20 ವರ್ಷದಲ್ಲಿ ತೆಗೆದ ಚಿತ್ರಗಳನ್ನು ಒಂದರ ಮೇಲೊಂದು ಇಟ್ಟು ನೋಡಿದರೆ ನಟ್ಟನಡುವೆ 7 ನಕ್ಷತ್ರ ವಿಪರೀತ ಜೋರಾಗಿ ಓಡುತ್ತಿವೆ. ಆ ವೇಗಕ್ಕೆ ಗುಚ್ಛ ಬಿಟ್ಟು ಹೋಗಬೇಕಿತ್ತು, ಹೋಗಿಲ್ಲ. ಹಿಡಿದಿಡಲು ಕಡಿಮೆ ಅಂದರೂ 8,200 ಸೂರ್ಯರಷ್ಟು ತೂಕದ ಕಪ್ಪುಕುಳಿ ಬೇಕು ಅಂತ 2024ರಲ್ಲಿ ಪ್ರಕಟಿಸಿದರು.

ಗ್ರಹದ ವಿಷಯಕ್ಕೆ ಬಂದರೆ ನಿರಾಶೆ ಜಾಸ್ತಿ. 47 ಟುಕಾನೆ ಅನ್ನುವ ಗುಚ್ಛದಲ್ಲಿ ಹಬಲ್ 8 ದಿನಕ್ಕೂ ಹೆಚ್ಚು ಕಾಲ ಸುಮಾರು 34,000 ನಕ್ಷತ್ರಗಳನ್ನು ದಿಟ್ಟಿಸಿತು. ನಮ್ಮ ಸುತ್ತಮುತ್ತ ಇರುವ ಲೆಕ್ಕದಲ್ಲಾದರೆ 17ರಷ್ಟು ಬಿಸಿ ಗುರುಗಳು (51 ಪೆಗಾಸಿಯ ಗ್ರಹದಂತೆ ನಕ್ಷತ್ರಕ್ಕೆ ತೀರ ಹತ್ತಿರ ಸುತ್ತುವ ದೈತ್ಯ ಗ್ರಹಗಳು) ಸಿಗಬೇಕಿತ್ತು. ಸಿಕ್ಕಿದ್ದು ಸೊನ್ನೆ. ಜಾತ್ರೆಯಲ್ಲಿ ಮಗು ಕೈತಪ್ಪಿದ ಹಾಗೆ ನೂಕುನುಗ್ಗಲಿನಲ್ಲಿ ಗ್ರಹ ಕಳೆದುಹೋಯ್ತು ಅಂದುಕೊಳ್ಳೋಣ ಅಂದರೆ, ಆಮೇಲೆ ಆಸ್ಟ್ರೇಲಿಯಾದಿಂದ ನೂಕಾಟ ಕಮ್ಮಿ ಇರುವ ಹೊರಭಾಗ ಹುಡುಕಿದಾಗಲೂ ಏನೂ ಸಿಗಲಿಲ್ಲ. ಅಂದರೆ ಆ ಹಳೇ ನಕ್ಷತ್ರಗಳಲ್ಲಿ ಕಬ್ಬಿಣದಂಥ ಧಾತು ಕಮ್ಮಿ, ಅದಕ್ಕೇ ದೊಡ್ಡ ಗ್ರಹ ಹುಟ್ಟಿದ್ದೇ ಅಪರೂಪ ಅನ್ನಿಸುತ್ತದೆ.

ಆದರೂ ಎಂ4 ಗುಚ್ಛದಲ್ಲಿ ಒಂದಿದೆ. ನನಗೆ ಅಚ್ಚುಮೆಚ್ಚು ಅದು. ಸೆಕೆಂಡಿಗೆ ಸುಮಾರು 90 ಸಲ ತಿರುಗುವ ಪಲ್ಸಾರ್ (ಸತ್ತ ದೊಡ್ಡ ನಕ್ಷತ್ರದ ಗಟ್ಟಿ ತಿರುಳು, ಅಂದರೆ ನ್ಯೂಟ್ರಾನ್ ನಕ್ಷತ್ರ), ಅದರ ಜೊತೆ ಒಂದು ಶ್ವೇತಕುಬ್ಜ (ಸೂರ್ಯನಂಥ ನಕ್ಷತ್ರ ಸತ್ತು ಉಳಿದದ್ದು), ಇವೆರಡನ್ನೂ ದೂರದಿಂದ ಸುತ್ತುವ ಗ್ರಹ, ಗುರುವಿನ ಎರಡೂವರೆ ಪಟ್ಟು ತೂಕ. ಮೊದಲು ಆ ಗ್ರಹ ಬೇರೆ ನಕ್ಷತ್ರದ ಮನೆಯಲ್ಲಿತ್ತು, ನಕ್ಷತ್ರ ನಡುವಿನ ಗುಂಪಿಗೆ ಬಿದ್ದಾಗ ನ್ಯೂಟ್ರಾನ್ ನಕ್ಷತ್ರ ತನ್ನ ಹಳೇ ಜೊತೆಯನ್ನು ಬಿಟ್ಟು ಆ ನಕ್ಷತ್ರ, ಗ್ರಹ ಇಬ್ಬರನ್ನೂ ಕಟ್ಟಿಕೊಂಡಿತು, ಆ ನಕ್ಷತ್ರವೇ ಆಮೇಲೆ ಶ್ವೇತಕುಬ್ಜ ಆಯ್ತು ಅನ್ನೋದು ಲೆಕ್ಕ. 2003ರಲ್ಲಿ ಹಬಲ್ ಆ ಶ್ವೇತಕುಬ್ಜವನ್ನು ಗುರುತಿಸಿದ ಮೇಲೆ ಗ್ರಹದ ತೂಕವೂ ಖಚಿತವಾಯ್ತು.

ತುಂಗಾತೀರ:

ಅಬ್ಬಾ, ಇಷ್ಟು ಇದೆಯಾ. ಮೊರದ ಮಾತು ಅಕ್ಕನಿಗೆ ಹೇಳಿದೆ, ತಕ್ಷಣ ಅರ್ಥ ಆಯ್ತು. ಮುಂದಿನ ಪ್ರಶ್ನೆ: ‘ಅದನ್ನು ಬೆಂಗಳೂರಲ್ಲೇ ಮಾಡೋಕಾಗಲ್ವಾ?’

ಹಳೆಮೇಷ್ಟ್ರು:

ಆಗುತ್ತೆ ಅಂತ ಹೇಳಿ. ಬೆಂಗಳೂರಲ್ಲಿರುವ ಸೈದ್ಧಾಂತಿಕ ವಿಜ್ಞಾನ ಸಂಸ್ಥೆ ಐಸಿಟಿಎಸ್‌ನಲ್ಲಿ ಗುರುತ್ವ ಅಲೆಗಳ ಮೇಲೆ ಕೆಲಸ ಮಾಡುವ ಗುಂಪಿದೆ. ಕೋರಮಂಗಲದ ಐಐಎ (ಖಭೌತ ವಿಜ್ಞಾನ ಸಂಸ್ಥೆ) ಇದೆ, ಭಾರತದ ಉಪಗ್ರಹ ಆಸ್ಟ್ರೋಸ್ಯಾಟ್‌ನ ಅತಿನೇರಳೆ ದೂರದರ್ಶಕದಿಂದ ಅವರು ಒಮೆಗಾ ಸೆಂಟಾರಿಯನ್ನೂ ನೋಡಿದ್ದಾರೆ. ಸೀಟು ಸಿಗೋದು ಬೇರೆ ಮಾತು.

ರಾತ್ರಿಪಾಳಿ:

ಮೇ ತಿಂಗಳಲ್ಲಿ ಮತ್ತೆ ಹೊಲಕ್ಕೆ ಹೋದರೆ ರಾತ್ರಿ ಹತ್ತು ಹನ್ನೊಂದರ ಹೊತ್ತಿಗೆ ಆಗ್ನೇಯದಲ್ಲಿ ಕೆಂಪಗಿನ ಜ್ಯೇಷ್ಠಾ ಹುಡುಕಿ, ಎಂ4 ಅದರ ಪಕ್ಕದಲ್ಲೇ ಇದೆ, ಬೈನಾಕ್ಯುಲರ್ ಸಾಕು. ಗ್ರಹ ಕಾಣಲ್ಲ. ಅಕ್ಕನಿಗೆ ಮೊದಲೇ ಹೇಳಿಬಿಡಿ.