ಬಟನ್ ಇಳಿಯುದಿಲ್ಲ ಅಂದ್ರೆ ಹಾಳಾಗಿದೆ ಅಂತ ಅಲ್ಲ

ಮಗಾ, ನೀನು ಹಾಕಿದ ಫೋಟೋ ಈಗ ನೋಡಿದೆ, ದೊಡ್ಡಪ್ಪನ ಕಪಾಟಿನಲ್ಲಿ ಸಿಕ್ಕಿದ ಕ್ಯಾಮೆರಾ, ಬಟನ್ ಒತ್ತಿದ್ರೆ ಇಳಿಯುದೇ ಇಲ್ಲ ಅಂತ ಬರ್ದಿದ್ದೀಯಲ್ಲ. ಅದಕ್ಕೆ ಭಾವ ಗುಜರಿಗೆ ಹಾಕು ಅಂದದ್ದೂ ನೋಡಿದೆ, ಭಾವ ಬೇಜಾರು ಮಾಡ್ಬೇಡಿ, ಆದ್ರೆ ಅದು ಕ್ಯಾನನ್ ಕಂಪೆನಿಯ ರೀಲ್ ಕ್ಯಾಮೆರಾ, ಕ್ಯಾನನೆಟ್ ಕ್ಯೂಎಲ್17 ಜಿ3, 1972ರಲ್ಲಿ ಬಂದ ಮಾಡೆಲ್, ನನ್ನತ್ರವೂ ಅದೇ ಇರುದು.

ಲೆನ್ಸಿನ ಸುತ್ತ ಇರುವ ರಿಂಗ್ 'ಎ'ಯಲ್ಲಿ ಉಂಟಾ ನೋಡು. ಎ ಅಂದ್ರೆ ಆಟೋ, ಶಟರ್ ಎಷ್ಟು ಹೊತ್ತು ತೆರೆದಿರ್ಬೇಕು ಅನ್ನುವ ಸ್ಪೀಡ್ ನಾವು ಇಡುದು, ಲೆನ್ಸಿನ ಒಳಗೆ ಬೆಳಕು ಬರುವ ತೂತು, ಅಂದ್ರೆ ಅಪರ್ಚರ್, ಅದೇ ನೋಡಿಕೊಳ್ಳುದು, ಬೆಳಕು ಸಾಲದಿದ್ರೆ ಬಟನನ್ನೇ ಲಾಕ್ ಮಾಡ್ತದೆ, ಬೆಳಕು ಮಿತಿ ಮೀರಿದ್ರೂ ಅಷ್ಟೆ. ಬೆಳಕು ಅಳೆಯುವ ಮೀಟರ್ ನಡೆಯುದು ಬ್ಯಾಟರಿಯಲ್ಲಿ, ಬ್ಯಾಟರಿ ಇಲ್ಲದಿದ್ರೆ ಅದರ ಲೆಕ್ಕಕ್ಕೆ ಎಲ್ಲ ಕತ್ತಲೆಯೇ ಅಲ್ವಾ! ರಿಂಗನ್ನು ಎ ಇಂದ 8ಕ್ಕೆ ತಿರುಗಿಸಿ, ಲಿವರ್ ಎಳೆದು ಒತ್ತಿ ನೋಡು. ಶಟರ್ ಪೂರ್ತಿ ಮೆಕ್ಯಾನಿಕಲ್, ಬ್ಯಾಟರಿ ಬೇಡವೇ ಬೇಡ. ಆದ್ರೆ ಹೀಗೆ ಎ ಬಿಟ್ಟು ನಾವೇ ಇಡುವ ಮ್ಯಾನ್ಯುವಲ್ಲಲ್ಲಿ ಮೀಟರೂ ಇಲ್ಲ, ಅಂದಾಜಿನಲ್ಲಿ ಹೊಡಿಬೇಕು. 400 ಐಎಸ್ಒ ಅಂತ ಬರ್ದ ರೀಲ್ ಆದ್ರೆ ಬೇಕಲ ಕೋಟೆ ಮೇಲಿನ ಬಿಸಿಲಿಗೆ 500 ಸ್ಪೀಡ್ (ಅಂದ್ರೆ ಸೆಕೆಂಡಿನ 500ರಲ್ಲಿ ಒಂದು ಪಾಲು) 16 ಅಪರ್ಚರ್, ಅಡಿಕೆ ತೋಟದ ಒಳಗೆ 125ಕ್ಕೆ 4ರ ಹತ್ತಿರ.

ಇನ್ನೊಂದು ಕುತ್ತ ಉಂಟು. ರೇಂಜ್‌ಫೈಂಡರ್ ಅಲ್ವಾ, ನಾವು ನೋಡುದು ಲೆನ್ಸಿನ ಮೂಲಕ ಅಲ್ಲ, ಮೇಲಿನ ಕಿಟಕಿಯಲ್ಲಿ, ಹಾಗಾಗಿ ಲೆನ್ಸಿಗೆ ಮುಚ್ಚಳ ಇದ್ರೂ ಗೊತ್ತಾಗುದಿಲ್ಲ, ಮ್ಯಾನ್ಯುವಲ್ಲಲ್ಲಿ ರೀಲ್ ಪೂರ್ತಿ ಖಾಲಿ ಬಂದೀತು. ಎ ಯಲ್ಲಿ ಬಚಾವ್, ಮೀಟರಿನ ಕಣ್ಣೂ ಅದೇ ಮುಚ್ಚಳದ ಒಳಗೆ ಇರುದ್ರಿಂದ ಬಟನ್ ಇಳಿಯುದಿಲ್ಲ. ನೀನು ಮುಚ್ಚಳ ಹಾಕಿಯೇ ಒತ್ತಿದ್ದೋ ಎಂತ ಕತೆ ಮಾರಾಯ, ಫೋಟೋದಲ್ಲಿ ಮುಚ್ಚಳ ಕಾಣ್ತದೆ!

ಬ್ಯಾಟರಿ ಮೊದ್ಲು ಪಾದರಸದ್ದು ಬರ್ತಿತ್ತು, ಪಿಎಕ್ಸ್625, 1.35 ವೋಲ್ಟ್, ಈಗ ಅದು ಮಾಡುದು ನಿಂತಿದೆ. ಅಂಗಡಿಯವ್ರು ಅದೇ ಸೈಜಿನ ಆಲ್ಕಲೈನ್ ಕೊಡ್ತಾರೆ, ಅದು 1.5 ವೋಲ್ಟ್, ಮೀಟರ್ ಇದ್ದದ್ದಕ್ಕಿಂತ ಹೆಚ್ಚು ಬೆಳಕು ಉಂಟು ಅಂತ ಗ್ರಹಿಸಿ ಫೋಟೋ ಕಪ್ಪು ಮಾಡ್ತದೆ. ಕಿವಿ ಮಿಷನಿಗೆ ಹಾಕುವ 675 ತೆಗಿ, ಹೆಚ್ಚುಕಡಿಮೆ 1.4 ವೋಲ್ಟ್, ಸಪೂರ ಇರುದ್ರಿಂದ ಸುತ್ತ ಒಂದು ರಬ್ಬರ್ ರಿಂಗ್ ಬೇಕಾದೀತು. ಬ್ಯಾಟರಿ ಮೇಲಿನ ಸ್ಟಿಕ್ಕರ್ ಕಿತ್ತ ಮೇಲೆ ಅದು ಜಾಸ್ತಿ ದಿನ ಬಾಳುದಿಲ್ಲ, ಹೇಳಿದ್ದೇನೆ ಆಮೇಲೆ ಬೈಬೇಡ.

ಫೋಕಸ್ ಸುಲಭ, ನಡುವಿನ ಹಳದಿ ಚೌಕದಲ್ಲಿ ಎರಡೆರಡು ಕಾಣುದು ಒಂದಾಗ್ಬೇಕು, 80 ಸೆಂಟಿಮೀಟರಿಗಿಂತ ಹತ್ತಿರ ಆಗುದಿಲ್ಲ, ಅಷ್ಟಕ್ಕೆ ನನಗೂ ಸಿಟ್ಟು ಬರುದುಂಟು. ಆದ್ರೆ ರಾತ್ರಿ ಯಕ್ಷಗಾನಕ್ಕೆ ತಗೊಂಡು ಹೋಗು, ಲೆನ್ಸ್ 1.7 ಅಪರ್ಚರ್ ವರೆಗೆ ತೆರೀತದೆ (ನಂಬರ್ ಸಣ್ಣದಾದಷ್ಟು ತೂತು ದೊಡ್ಡದು), ಶಟರ್ ಶಬ್ದ ಪಕ್ಕದಲ್ಲಿ ಕೂತವ್ರಿಗೂ ಕೇಳುದಿಲ್ಲ, ಫ್ಲಾಶ್ ಹೊಡೆದು ಭಾಗವತರತ್ರ ಬೈಸಿಕೊಳ್ಳುವ ಕೆಲಸವೂ ಇಲ್ಲ. ಈ ಕ್ಯಾಮೆರಾದ ಗಮ್ಮತ್ತು ಇರುದೇ ಅಲ್ಲಿ.

ಲೆದರ್ ಕೇಸಿನಿಂದ ಇವತ್ತೇ ಹೊರಗೆ ತೆಗಿ, ನಮ್ಮ ಮಳೆಗಾಲಕ್ಕೆ ಲೆನ್ಸಿಗೆ ಫಂಗಸ್ ಹಿಡೀತದೆ, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಇಡು. ಹಿಂದಿನ ಬಾಗಿಲ ಅಂಚಿನ ಫೋಮ್ ಅಂಟಂಟು ಆಗಿದ್ರೆ ಉಗುರಲ್ಲಿ ಕೆರೀಬೇಡ, ಭಾನುವಾರ ಕುಂಬ್ಳೆ ಕಡೆ ಬಂದ್ರೆ ನಾನೇ ಸ್ಪಿರಿಟ್ ಹಾಕಿ ತೆಗೆದು ಹೊಸತು ಅಂಟಿಸಿ ಕೊಡ್ತೇನೆ, ಊಟಕ್ಕೂ ಇಲ್ಲಿಗೇ ಬಾ ಆಯ್ತಾ.