ಫಾರ್ಚೂನರ್‌ಗೆ ದೊಡ್ಡ ವೀಲ್ ಹಾಕಿಸಿದ್ರೆ ಮೈಲೇಜ್ ಎಷ್ಟು ಬೀಳುತ್ತೆ?

ಪ್ರಶ್ನೆ: ಸಕಲೇಶಪುರದ ಹತ್ತಿರ ತೋಟ. ಬೆಂಗಳೂರಿಗೆ ಓಡಾಟ ಜಾಸ್ತಿ, ಆಗಾಗ ಶಿರಾಡಿ ಇಳಿದು ಮಂಗಳೂರು. ಗಾಡಿ ಫಾರ್ಚೂನರ್ ಡೀಸೆಲ್, ಫೋರ್ ಬೈ ಫೋರ್ ಆಟೊಮ್ಯಾಟಿಕ್. ಈಗಿರೋದು ಕಂಪನಿಯ 18 ಇಂಚಿನ 265/60 ಟೈರ್. ಮಗ 20 ಇಂಚಿನ ಅಲಾಯ್ ಹಾಕಿಸೋಣ ಅಂತಾನೆ. ಟೈರ್ ಅಂಗಡಿಯವರು 18ರಲ್ಲೇ 285/60 ಹಾಕಿ ಅಂತಾರೆ. ಹಾಕಿಸಿದವರು ಯಾರಾದ್ರೂ ಇದ್ರೆ ಹೇಳಿ.

— ನಾನು ಓಡಿಸ್ತಿರೋದು 285/60 (ಮೊದಲನೇದು ಮಿ.ಮೀ. ಲೆಕ್ಕದಲ್ಲಿ ಟೈರಿನ ಅಗಲ, ಎರಡನೇದು ಪಕ್ಕದ ಗೋಡೆ ಆ ಅಗಲದ ಶೇಕಡಾ ಎಷ್ಟು ಅಂತ). ನೀವು ಕೇಳಿದ ಎರಡೂ ಬೇರೆ ಬೇರೆ ಕಥೆ ಸಾರ್. 20 ಇಂಚಿಗೆ 265/50 ಟೈರ್ ಹಾಕಿದ್ರೆ ಒಟ್ಟು ವ್ಯಾಸ 773 ಮಿ.ಮೀ., ಈಗಿರೋದು 775. ಚಕ್ರ ದೊಡ್ಡದಾಗಲ್ಲ, ರಿಮ್ ದೊಡ್ಡದಾಗಿ ರಬ್ಬರ್ ತೆಳ್ಳಗಾಗುತ್ತೆ ಅಷ್ಟೆ. 285/60 ಆದ್ರೆ 799 ಮಿ.ಮೀ., ಅಂದ್ರೆ ಶೇ. 3ರಷ್ಟು ದೊಡ್ಡದು.

ಈ ಶೇ. 3ರಲ್ಲೇ ಬಹಳ ಜನ ಏಮಾರೋದು. ಚಕ್ರ ಒಂದೊಂದು ಸುತ್ತಿಗೂ ಜಾಸ್ತಿ ದೂರ ಹೋಗ್ತಿರುತ್ತೆ, ಮೀಟರ್ ಮಾತ್ರ ಹಳೇ ಟೈರಿನ ಲೆಕ್ಕದಲ್ಲೇ ಎಣಿಸ್ತಿರುತ್ತೆ. ಮೀಟರ್ 500 ಕಿ.ಮೀ. ತೋರಿಸಿ 45 ಲೀಟರ್ ಹಿಡಿಸ್ತು ಅಂದ್ಕೊಳ್ಳಿ: 11.1 ಬಂತು ಅಂತ ತಲೆ ಮೇಲೆ ಕೈ ಹೊತ್ಕೋತೀವಿ. ನಿಜವಾಗಿ ಓಡಿರೋದು 515, ಮೈಲೇಜ್ ಹತ್ತಿರ ಹತ್ತಿರ 11.5. ಡ್ಯಾಶ್‌ಬೋರ್ಡ್ ತೋರಿಸೋ ಸರಾಸರಿದೂ ಇದೇ ಹಣೆಬರಹ. ಹೊಸ ಟೈರಿಗೆ ಬೈಯೋ ಮುಂಚೆ ಒಂದೇ ಬಂಕಿನಲ್ಲಿ ಎರಡು ಸಲ ಫುಲ್ ಟ್ಯಾಂಕ್ ಮಾಡಿಸಿ, ನಡುವಿನ ದೂರವನ್ನ ಜಿಪಿಎಸ್‌ನಿಂದ ತಗೊಳ್ಳಿ.

ಇಷ್ಟೆಲ್ಲ ಸರಿಪಡಿಸಿದ ಮೇಲೂ ಒಂಚೂರು ಬಿದ್ದೇ ಬೀಳುತ್ತೆ. ದೊಡ್ಡ ಟೈರಿನ ತೂಕವೂ ಜಾಸ್ತಿ. ಎರಡು ಟನ್ ಗಾಡಿಗೆ ಒಂದಿಷ್ಟು ಕೆ.ಜಿ. ಯಾವ ಲೆಕ್ಕ ಅನ್ಸುತ್ತೆ, ಆದ್ರೆ ಇದು ತಿರುಗೋ ತೂಕ, ಅದೂ ಅಂಚಿನಲ್ಲಿರೋದು. ಯಶವಂತಪುರದ ಟ್ರಾಫಿಕ್ಕಲ್ಲಿ ಪ್ರತಿ ಸಲ ಅದನ್ನ ಹೊಸದಾಗಿ ತಿರುಗಿಸೋಕೆ ಡೀಸೆಲ್ ಸುಡಬೇಕು, ಬ್ರೇಕ್ ಒತ್ತಿದಾಗ ಅದೆಲ್ಲ ಬಿಸಿಯಾಗಿ ಹಾಳಾಗುತ್ತೆ. ಹಾಸನದ ಹೈವೇಲಿ ಒಂದೇ ಸಮ ಹೋಗುವಾಗ ನನಗೆ ವ್ಯತ್ಯಾಸವೇ ಕಂಡಿಲ್ಲ. ಘಾಟಿ ಹತ್ತುವಾಗ ಕಾಣುತ್ತೆ: ವ್ಯಾಸ ಹೆಚ್ಚಾದಷ್ಟೂ ಚಕ್ರದ ಎಳೆತ ಕಮ್ಮಿ, ತಿರುವು ಮುಗಿದು ಕಾಲೊತ್ತಿದ್ರೆ ಗಾಡಿ ಒಂದು ಗೇರ್ ಇಳ್ಕೊಳ್ಳುತ್ತೆ.

— ಸೈಜ್ ಒಂದ ನೋಡಬ್ಯಾಡ್ರಿ, ಟೈರಿನ ಜಾತಿ ನೋಡ್ರಿ. ನಾವು ಹುಬ್ಬಳ್ಳ್ಯಾಗ ಸೈಜ್ ಬದಲ ಮಾಡಲಾರದ ಹೈವೇ ಟೈರ್ ತೆಗದು ಆಲ್ ಟೆರೇನ್ ಹಾಕಿಸಿದ್ವಿ, ಅಷ್ಟಕ್ಕ ಮೈಲೇಜ್ ಇಳೀತು. ದಪ್ಪ ಹಲ್ಲಿನ ಟೈರ್ ಉರುಳಾಕ ಜಾಸ್ತಿ ಶಕ್ತಿ ಬೇಕ್ರಿ, ಸಪ್ಪಳಾನೂ ಜಾಸ್ತಿ. ಗಾಳಿ ಕಮ್ಮಿ ಇದ್ರಂತೂ ಕೇಳೋದ ಬ್ಯಾಡ.

— ಟೆಕ್ಸಾಸ್‌ನಲ್ಲಿದೀನಿ, ಗಾಡಿ ಶೆವರ್ಲೆ ಟಾಹೋ. 22 ಇಂಚು ಕಂಪನಿಯಿಂದಲೇ ಬಂದಿದ್ದು, ಹಾಗಾಗಿ ಮೀಟರ್ ತಲೆನೋವಿಲ್ಲ. ಇಲ್ಲಿ ಗಂಟೆಗೆ 75 ಮೈಲಿ, ಅಂದ್ರೆ 120 ಕಿ.ಮೀ. ಸ್ಪೀಡಲ್ಲಿ ಪೆಟ್ರೋಲ್ ತಿನ್ನೋದು ಎದುರುಗಾಳಿ. ಹತ್ತು ಮೈಲಿ ನಿಧಾನ ಹೋದ್ರೆ ಉಳಿಯುವಷ್ಟು ವೀಲ್ ಚಿಕ್ಕದು ಮಾಡಿದ್ರೆ ಉಳಿಯಲ್ಲ. ಟೈರ್ ಬದಲಾಯಿಸೋ ದಿನ ಮಾತ್ರ 18 ಇಂಚಿನವರನ್ನ ನೋಡಿ ಹೊಟ್ಟೆಕಿಚ್ಚಾಗುತ್ತೆ!

— ಮತ್ತೆ ನಾನೇ, 285ನವನು. ಮಗನಿಗೆ ಹೇಳಿ: 20 ಇಂಚು ಹಾಕಿದ್ರೆ ಟೈರಿನ ಪಕ್ಕದ ಗೋಡೆ 159 ಮಿ.ಮೀ. ಇದ್ದದ್ದು 132ಕ್ಕೆ ಇಳಿಯುತ್ತೆ. ತೋಟದ ರಸ್ತೆ, ಮಳೆಗಾಲದ ಗುಂಡಿ, ಇವಕ್ಕೆ ರಿಮ್ ಬೆಂಡಾದ್ರೆ ಡೀಸೆಲ್ ಲೆಕ್ಕ ಯಾರಿಗೂ ನೆನಪಿರಲ್ಲ. 285 ಹಾಕಿಸೋದಾದ್ರೆ ಐದನೇದೂ ಅದೇ ಸೈಜಿಂದೇ ತಗೊಳ್ಳಿ. ಫೋರ್ ಬೈ ಫೋರ್ ಹಾಕಿದಾಗ ಒಂದು ಚಕ್ರ ಚಿಕ್ಕದಿರಬಾರದು. ದುಡ್ಡು ಕೊಡೋ ಮುಂಚೆ ಗಾಡಿ ಕೆಳಗೆ ಸ್ಟೆಪ್ನಿ ಜಾಗದಲ್ಲಿ ಅದು ಕೂರುತ್ತಾ ಅಂತ ಅಂಗಡಿಯಲ್ಲೇ ಇಟ್ಟು ನೋಡಿಸಿ.