ಆಂಟಿ ಸಿಸಿಪಿ ಪಾಸಿಟಿವ್, ಗಂಟಿನಲ್ಲಿ ಬಾವು ಇಲ್ಲ. ಕರುಳಿನ ಬ್ಯಾಕ್ಟೀರಿಯಾ ರಿಪೋರ್ಟನ್ನು ಎಷ್ಟು ನಂಬಬಹುದು?

ಪೆರಡಾಲ_ಫಿಸಿಯೋ:

ಬದಿಯಡ್ಕ ಕಡೆಯ 34 ವರ್ಷದ ಹೆಂಗಸು. ತಾಯಿಗೆ ರುಮಟಾಯ್ಡ್ ಸಂಧಿವಾತ (ದೇಹದ ರಕ್ಷಣಾ ವ್ಯವಸ್ಥೆಯೇ ಗಂಟುಗಳ ಮೇಲೆ ತಿರುಗಿಬೀಳುವ ಕಾಯಿಲೆ) ಉಂಟು. ಇವರಿಗೆ ಬೆಳಿಗ್ಗೆ ಎದ್ದರೆ ಎರಡೂ ಕೈಯ ಬೆರಳುಗಳ ಬಿಗಿತ ಬಿಡಲು ಸುಮಾರು 40 ನಿಮಿಷ ಬೇಕು. ಮುಟ್ಟಿ ನೋಡಿದರೆ ಎಲ್ಲೂ ಬಾವು ಸಿಗುವುದಿಲ್ಲ. ರಕ್ತದಲ್ಲಿ ಆಂಟಿ ಸಿಸಿಪಿ (ಈ ಕಾಯಿಲೆಯ ಸುಳಿವು ಕೊಡುವ ಪ್ರತಿಕಾಯ) ಮೇಲ್ಮಿತಿಯ ಐದು ಪಟ್ಟು, ಇನ್ನೊಂದು ಪ್ರತಿಕಾಯವಾದ ಆರ್‌ಎಫ್ ನೆಗೆಟಿವ್, ಉರಿಯೂತ ತೋರಿಸುವ ಇಎಸ್‌ಆರ್ ಮತ್ತು ಸಿಆರ್‌ಪಿ ಮಿತಿಯೊಳಗೆ.

ಮನೆಯವರು ಆನ್‌ಲೈನಿನಲ್ಲಿ ಕಿಟ್ ತರಿಸಿ ಮಲಪರೀಕ್ಷೆ ಮಾಡಿಸಿದ್ದಾರೆ. ‘ಪ್ರಿವೊಟೆಲ್ಲಾ (ಕರುಳಿನ ಒಂದು ಬ್ಯಾಕ್ಟೀರಿಯಾ) ಅಧಿಕ’ ಎಂದು ಕೆಂಪಕ್ಷರದಲ್ಲಿ ಬಂದಿದೆ, ಜೊತೆಗೆ ಮೂರು ತಿಂಗಳ ಪ್ರೊಬಯೋಟಿಕ್ (ಒಳ್ಳೆಯ ಬ್ಯಾಕ್ಟೀರಿಯಾದ ಮಾತ್ರೆ) ಕೋರ್ಸಿನ ಸಲಹೆ. ಅವರ ಊಟ ಕುಚ್ಚಿಲಕ್ಕಿ ಗಂಜಿ, ತರಕಾರಿ, ಮಜ್ಜಿಗೆ. ಎಲೆ ಅಡಿಕೆ ಹಾಕುವ ಅಭ್ಯಾಸ ಉಂಟು, ಹೊಗೆಸೊಪ್ಪು ಸಹಿತ. ಆ ಕೆಂಪಕ್ಷರಕ್ಕೆ ಹೆದರಬೇಕಾ? ಈ ಹಂತದಲ್ಲಿ ನಿಜವಾಗಿ ಮಾಡಬೇಕಾದದ್ದು ಏನು?

ಮಂಜೇಶ್ವರ_ಮೈಕ್ರೋಬಯಾಲಜಿ:

ಆ ಕೆಂಪಕ್ಷರಕ್ಕೆ ಹೆದರುವುದು ಬೇಡ. ಆದರೆ ಅದರ ಹಿಂದೆ ನಿಜವಾದ ವಿಜ್ಞಾನ ಉಂಟು, ಅದನ್ನು ಸರಿಯಾಗಿ ತಿಳಿಯಬೇಕು.

2013ರಲ್ಲಿ ನ್ಯೂಯಾರ್ಕಿನ ಸಂಶೋಧಕರು ಆಗಷ್ಟೇ ಕಾಯಿಲೆ ಶುರುವಾಗಿ ಇನ್ನೂ ಔಷಧಿ ತೆಗೆದುಕೊಳ್ಳದವರ ಮಲವನ್ನು ನೋಡಿದರು. ಅವರಲ್ಲಿ ಶೇ. 75 ಮಂದಿಯಲ್ಲಿ ಪ್ರಿವೊಟೆಲ್ಲಾ ಕಾಪ್ರಿ ಎಂಬ ಪ್ರಭೇದ ಸಿಕ್ಕಿತು, ಆರೋಗ್ಯವಂತರಲ್ಲಿ ಸುಮಾರು ಶೇ. 21ರಲ್ಲಿ. (ಇದಕ್ಕೆ ಈಗ ಸೆಗಟೆಲ್ಲಾ ಕಾಪ್ರಿ ಎಂದು ಹೊಸ ಹೆಸರು.) 2019ರಲ್ಲಿ ಸ್ವಿಟ್ಜರ್ಲೆಂಡಿನವರು ರೋಗಿಗಳ ಒಡಹುಟ್ಟಿದವರನ್ನು, ಮಕ್ಕಳನ್ನು ಪರೀಕ್ಷಿಸಿದಾಗ ಕಾಯಿಲೆಯ ಮುನ್ಸೂಚನೆ ಇದ್ದವರಲ್ಲಿ ಇದೇ ಕುಟುಂಬದ ಬ್ಯಾಕ್ಟೀರಿಯಾ ಹೆಚ್ಚಾಗಿ ಕಂಡಿತು. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಸಿಸಿಪಿ ಪಾಸಿಟಿವ್ ಇರುವ 124 ಮಂದಿಯನ್ನು ಗಮನಿಸಿದರು, 30 ಮಂದಿಗೆ ಸಂಧಿವಾತ ಬಂತು. ಕಾಯಿಲೆ ಬರುವ ಮೊದಲಿನ ಸುಮಾರು ಹತ್ತು ತಿಂಗಳಲ್ಲಿ ಅಂಥವರ ಕರುಳಿನ ಬ್ಯಾಕ್ಟೀರಿಯಾ ಸಮೂಹ ಸ್ಥಿರವಾಗಿ ಉಳಿಯಲಿಲ್ಲ. ಗಮನಿಸಿ, ಅಲ್ಲಿ ಪ್ರಿವೊಟೆಲ್ಲಾ ಕುಟುಂಬದ ಕೆಲವು ತಳಿಗಳು ಹೆಚ್ಚಿದ್ದವು, ಕೆಲವು ಕಡಿಮೆಯಾಗಿದ್ದವು. ‘ಅಧಿಕ’ ಎಂಬ ಒಂದೇ ಪದದಿಂದ ಏನೂ ತಿಳಿಯದಿರುವುದು ಇದಕ್ಕೇ.

ನಮ್ಮ ಕಡೆಯವರ ವಿಷಯದಲ್ಲಿ ಇನ್ನೊಂದು ಉಂಟು. ಅನ್ನ, ಕಾಳು, ಸೊಪ್ಪು ಮುಖ್ಯವಾಗಿ ತಿನ್ನುವವರ ಕರುಳಿನಲ್ಲಿ ಪ್ರಿವೊಟೆಲ್ಲಾ ಹೇರಳವಾಗಿರುವುದು ಸಹಜ. ಭಾರತದ ಆರೋಗ್ಯವಂತರಲ್ಲೂ ಅದೇ ಕಂಡಿದೆ. ಪಾಶ್ಚಾತ್ಯ ಊಟದವರ ಸರಾಸರಿಗೆ ಹೋಲಿಸಿದರೆ ಗಂಜಿ ಉಣ್ಣುವ ಯಾರ ರಿಪೋರ್ಟೂ ಕೆಂಪಾಗಬಹುದು. ಜಪಾನಿನ ಕೆಲಸದಲ್ಲಿ ರೋಗಿಗಳಿಂದ ತೆಗೆದ ಕಾಪ್ರಿ ತಳಿಗಳು ಇಲಿಗಳಲ್ಲಿ ಹೆಚ್ಚು ತೀವ್ರವಾದ ಸಂಧಿವಾತ ತಂದವು, ಆರೋಗ್ಯವಂತರ ತಳಿಗಳು ಅಷ್ಟಿಲ್ಲ. ವ್ಯತ್ಯಾಸ ಇರುವುದು ತಳಿಯ ಜೀನುಗಳಲ್ಲಿ. ಇಂಥ ಕಿಟ್‌ಗಳಲ್ಲಿ ಸಾಮಾನ್ಯವಾಗಿ ಬಳಸುವ 16ಎಸ್ ವಿಧಾನ (ಬ್ಯಾಕ್ಟೀರಿಯಾದ ಒಂದೇ ಜೀನನ್ನು ಓದುವುದು) ಜಾತಿಯ ಮಟ್ಟದಲ್ಲೇ ನಿಲ್ಲುತ್ತದೆ, ತಳಿಯನ್ನು ಬೇರ್ಪಡಿಸುವುದಿಲ್ಲ.

ಮಾದರಿ ಕೆಡುವುದೂ ಸುಲಭ. ಸಂರಕ್ಷಕ ದ್ರಾವಣ ಇಲ್ಲದ ಡಬ್ಬಿ ಈ ಸೆಕೆಯಲ್ಲಿ ಕೊರಿಯರಿನಲ್ಲಿ ಎರಡು ದಿನ ಕಳೆದರೆ, ಗಾಳಿಯಲ್ಲೂ ಬದುಕುವ ಇ. ಕೋಲಿ ಬಳಗ ಬೆಳೆದು ಲೆಕ್ಕವೇ ಅಡಿಮೇಲಾಗುತ್ತದೆ. ಹಿಂದಿನ ಮೂರು ತಿಂಗಳಲ್ಲಿ ಆಂಟಿಬಯೋಟಿಕ್ ತೆಗೆದುಕೊಂಡಿದ್ದರೆ ಫಲಿತಾಂಶ ನಂಬುವ ಹಾಗಿಲ್ಲ. ಗ್ಯಾಸಿಗೆಂದು ದಿನಾ ಒಮೆಪ್ರಜೋಲ್ ನುಂಗುವವರಲ್ಲಿ ಬಾಯಿಯ ಬ್ಯಾಕ್ಟೀರಿಯಾ ಕರುಳಿನಲ್ಲಿ ಹೆಚ್ಚುತ್ತದೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ಕೂಡ ಚಿತ್ರ ಬದಲಿಸುತ್ತದೆ. ಇದನ್ನೆಲ್ಲ ಕೇಳದೆ ಕೊಟ್ಟ ರಿಪೋರ್ಟಿಗೆ ಬೆಲೆ ಇಲ್ಲ.

ಉಪ್ಪಳ_ಸಂಧಿವೈದ್ಯ:

ಮೇಲಿನದಕ್ಕೆ ನನ್ನ ಪೂರ್ಣ ಒಪ್ಪಿಗೆ. ಇವರ ವಿಷಯದಲ್ಲಿ ತೂಕ ಇರುವುದು ಆಂಟಿ ಸಿಸಿಪಿಗೆ. ಮಿತಿಯ ಮೂರು ಪಟ್ಟು ದಾಟಿದರೆ ಅದನ್ನು ‘ಹೆಚ್ಚಿನ ಮಟ್ಟ’ ಎಂದು ಎಣಿಸುತ್ತೇವೆ. ಈ ಪ್ರತಿಕಾಯಗಳು ಗಂಟು ಊದುವ ಎಷ್ಟೋ ವರ್ಷ ಮೊದಲೇ ರಕ್ತದಲ್ಲಿ ಕಾಣಿಸಿಕೊಳ್ಳಬಹುದು. ಅವು ಕರುಳು, ವಸಡು, ಶ್ವಾಸಕೋಶದ ಒಳಪದರದಲ್ಲಿ ಹುಟ್ಟಿ ಆಮೇಲೆ ಗಂಟಿಗೆ ಇಳಿಯುತ್ತವೆ ಎಂಬುದು ಈಗಿನ ಮುಖ್ಯ ವಾದ.

ರುಮಟಾಯ್ಡ್ ಸಂಧಿವಾತ ಎಂದು ಗುರುತಿಸುವ 2010ರ ಮಾನದಂಡದಲ್ಲಿ 10ಕ್ಕೆ 6 ಅಂಕ ಬೇಕು, ಆದರೆ ಒಂದು ಗಂಟಾದರೂ ಊದಿರದೆ ಲೆಕ್ಕ ಶುರುವಾಗುವುದೇ ಇಲ್ಲ. ಆದ್ದರಿಂದ ಇವರು ಇನ್ನೂ ರೋಗಿ ಅಲ್ಲ, ಅಪಾಯದ ಅಂಚಿನಲ್ಲಿ ಇರುವವರು. ಫಿಸಿಯೋ ಅವರೇ, ನೀವು ಪ್ರತೀ ಸಲ ಮಾಡಬಹುದಾದದ್ದು: ಬೆರಳಿನ ಬುಡದ ನಾಲ್ಕು ಗಂಟುಗಳನ್ನು ಅಡ್ಡಲಾಗಿ ಹಿಡಿದು ಮೆಲ್ಲ ಒತ್ತಿ ನೋಡಿ. ಪಾದದ ಬೆರಳಿನ ಬುಡವನ್ನೂ ಹಾಗೇ ನೋಡಿ, ಅದನ್ನು ಹೆಚ್ಚಿನವರು ಮರೆಯುತ್ತಾರೆ. ನೋವಿದ್ದರೆ ಪವರ್ ಡಾಪ್ಲರ್ (ರಕ್ತದ ಹರಿವು ತೋರಿಸುವ ಸೌಲಭ್ಯ) ಇರುವ ಅಲ್ಟ್ರಾಸೌಂಡ್ ಮಾಡಿಸಿ, ಕೈಗೆ ಸಿಗದ ಬಾವು ಅದರಲ್ಲಿ ಕಾಣುತ್ತದೆ. ಉಗುರಿನ ಹತ್ತಿರದ ಗಂಟು ಮಾತ್ರ ನೋಯುತ್ತಿದ್ದರೆ ಬೇರೆ ಕಾರಣ ಹುಡುಕಬೇಕು.

ಮೂರು ತಿಂಗಳಿಗೊಮ್ಮೆ ಪರೀಕ್ಷೆ ಸಾಕು. ಆದರೆ ಬಾವು ಕಂಡರೆ ಆರು ವಾರದೊಳಗೆ ಸಂಧಿರೋಗ ತಜ್ಞರ ಬಳಿ ಹೋಗಬೇಕು, ಮೂರು ತಿಂಗಳೊಳಗೆ ಔಷಧಿ ಶುರುವಾಗಬೇಕು. ಹೋಗುವ ಮೊದಲು ಯಾರೋ ಕೊಟ್ಟ ಸ್ಟಿರಾಯ್ಡ್ ಮಾತ್ರೆ ನುಂಗಬಾರದು. ಬಾವು ಇಳಿದು, ಸಿಆರ್‌ಪಿಯೂ ಇಳಿದು, ತಜ್ಞರಿಗೆ ಏನೂ ಸಿಗದೆ ಆರು ತಿಂಗಳು ಹಾಳಾಗುತ್ತದೆ. ನಮ್ಮ ಕಡೆ ಅತಿ ಹೆಚ್ಚು ನಷ್ಟ ಮಾಡುವುದು ಇದೇ.

ಮಳೆಗಾಲದ ನಂತರ ಜ್ವರ ಬಂದು ಗಂಟು ಹಿಡಿದದ್ದಾದರೆ ಮೊದಲು ಚಿಕೂನ್‌ಗುನ್ಯ ನೋಡಿ. ಅಡಿಕೆ ಹಾಳೆ, ರಬ್ಬರಿನ ಚಿರಟೆಗಳಲ್ಲಿ ನಿಂತ ನೀರಿನ ಸೊಳ್ಳೆ ತರುವ ಈ ಜ್ವರ ಎರಡೂ ಕೈಯ ಗಂಟುಗಳನ್ನು ತಿಂಗಳುಗಟ್ಟಲೆ ಹಿಡಿಯುತ್ತದೆ, ಕೆಲವರಲ್ಲಿ ಆರ್‌ಎಫ್ ಕೂಡ ಪಾಸಿಟಿವ್ ಮಾಡುತ್ತದೆ. ಆಂಟಿ ಸಿಸಿಪಿ ಇಷ್ಟು ಏರುವುದು ಅಪರೂಪ.

ಬಾವು ಬರುವ ಮೊದಲೇ ಔಷಧಿ ಕೊಡಬಹುದೇ? ದೇಹದ ರಕ್ಷಣಾ ವ್ಯವಸ್ಥೆಯನ್ನು ತಗ್ಗಿಸುವ ಅಬಟಾಸೆಪ್ಟ್ ಔಷಧಿಯ 2024ರ ಪ್ರಯೋಗದಲ್ಲಿ ಒಂದು ವರ್ಷದ ಕೊನೆಗೆ ಔಷಧಿ ಪಡೆದವರಲ್ಲಿ ಶೇ. 6, ಪಡೆಯದವರಲ್ಲಿ ಶೇ. 29 ಮಂದಿಗೆ ಕಾಯಿಲೆ ಬಂತು. ಔಷಧಿ ನಿಲ್ಲಿಸಿ ಇನ್ನೊಂದು ವರ್ಷ ಆಗುವಾಗ ಶೇ. 25 ಮತ್ತು 37. ತಡವಾಯಿತು, ಪೂರ್ತಿ ತಪ್ಪಲಿಲ್ಲ. ಎಲ್ಲರಿಗೂ ಬರೆದುಕೊಡುವ ಕಾಲ ಇನ್ನೂ ಬಂದಿಲ್ಲ.

ಮುಳ್ಳೇರಿಯ_ದಂತವೈದ್ಯೆ:

ಎಲೆ ಅಡಿಕೆ, ಹೊಗೆಸೊಪ್ಪು ಎಂದಿರಲ್ಲ, ಅದಕ್ಕೆ ಮಾತ್ರ ನನ್ನ ಉತ್ತರ. ವಸಡಿನ ಸೋಂಕಿನಲ್ಲಿ ಸಿಗುವ ಪೋರ್ಫಿರೋಮೊನಾಸ್ ಜಿಂಜಿವಾಲಿಸ್ ಎಂಬ ಬ್ಯಾಕ್ಟೀರಿಯಾಕ್ಕೆ ಪ್ರೋಟೀನನ್ನು ಸಿಟ್ರುಲಿನ್ ರೂಪಕ್ಕೆ ತಿರುಗಿಸುವ ತನ್ನದೇ ಕಿಣ್ವ ಉಂಟು. ಆಂಟಿ ಸಿಸಿಪಿ ಎದುರಿಸುವುದು ಅಂಥ ಪ್ರೋಟೀನುಗಳನ್ನೇ. ವಸಡು ಹಾಳಾದ ಸಂಧಿವಾತ ರೋಗಿಗಳಲ್ಲಿ ಬಾಯಿಯ ಬ್ಯಾಕ್ಟೀರಿಯಾ ಮತ್ತೆ ಮತ್ತೆ ರಕ್ತಕ್ಕೆ ಸೇರುವುದನ್ನು 2023ರಲ್ಲಿ ತೋರಿಸಿದ್ದಾರೆ.

ಬ್ರಷ್ ಮಾಡುವಾಗ ರಕ್ತ ಬರುತ್ತದೆಯಾ ಎಂದು ಅವರನ್ನು ಕೇಳಿ. ದಂತವೈದ್ಯರು ಪ್ರೋಬ್ (ಆಳ ಅಳೆಯುವ ಸಣ್ಣ ಕಡ್ಡಿ) ಹಾಕಿದಾಗ ವಸಡಿನ ಸಂದು 4 ಮಿಲಿಮೀಟರಿಗಿಂತ ಆಳ ಇದ್ದರೆ ಮೇಲಿನ ಸ್ಕೇಲಿಂಗ್ ಸಾಲದು, ಬೇರಿನ ಭಾಗವನ್ನೂ ಸ್ವಚ್ಛ ಮಾಡಿಸಬೇಕು. ಆರರಿಂದ ಎಂಟು ವಾರ ಬಿಟ್ಟು ಮತ್ತೆ ಅಳೆಯಬೇಕು. ತಂಬಾಕು ಸೇದುವವರಲ್ಲಿ ರಕ್ತ ಕಡಿಮೆ ಬರುವುದರಿಂದ ವಸಡು ಚೆನ್ನಾಗಿಯೇ ಉಂಟು ಎಂದು ತೋರುತ್ತದೆ, ಇವರಲ್ಲೂ ರಕ್ತ ಬರುವುದಿಲ್ಲ ಎಂದು ಅಳೆಯದೆ ಬಿಡಬೇಡಿ. ಹೊಗೆಸೊಪ್ಪು ಮೊದಲು ನಿಲ್ಲಿಸಲಿ, ಅಡಿಕೆ ಆಮೇಲೆ. ಮನೆಯಲ್ಲಿ ಬೀಡಿ, ಸಿಗರೇಟು ಸೇದುವವರಿದ್ದರೆ ಆ ಹೊಗೆಯಿಂದಲೂ ದೂರ ಇರಬೇಕು.

ಪೆರಡಾಲ_ಫಿಸಿಯೋ:

ಮೂವರಿಗೂ ತುಂಬ ಉಪಕಾರ. ಪ್ರೊಬಯೋಟಿಕ್ ಮತ್ತು ಊಟದ ಬಗ್ಗೆ ಒಂದೆರಡು ಮಾತು ಹೇಳಿದರೆ ಮನೆಯವರಿಗೆ ಪೂರ್ತಿ ವಿವರಿಸಬಹುದು.

ಮಂಜೇಶ್ವರ_ಮೈಕ್ರೋಬಯಾಲಜಿ:

ಪ್ರೊಬಯೋಟಿಕ್‌ನಿಂದ ಕಾಯಿಲೆ ತಪ್ಪಿದ್ದಕ್ಕೆ ಪುರಾವೆ ಇಲ್ಲ. ಕಾಯಿಲೆ ಇರುವವರಲ್ಲಿ ನಡೆದ ಸಣ್ಣ ಪ್ರಯೋಗಗಳ ಫಲ ಒಂದರಂತೆ ಒಂದಿಲ್ಲ. ಆ ದುಡ್ಡು ಅಲ್ಟ್ರಾಸೌಂಡಿಗೆ ಇಡಲಿ.

ನಾರಿನಂಶಕ್ಕೆ ಹೆಚ್ಚು ಆಧಾರ ಉಂಟು. ಕರುಳಿನ ಬ್ಯಾಕ್ಟೀರಿಯಾ ಅದನ್ನು ಹುದುಗಿಸಿ ಬ್ಯುಟಿರೇಟ್, ಪ್ರೊಪಿಯೊನೇಟ್ ಎಂಬ ಕೊಬ್ಬಿನಾಮ್ಲಗಳನ್ನು ಮಾಡುತ್ತದೆ. ಇವು ಕರುಳಿನ ಗೋಡೆಯನ್ನು ಬಿಗಿಯಾಗಿ ಇಡುತ್ತವೆ. ಹುರುಳಿ, ಅಲಸಂಡೆ, ಬಾಳೆದಿಂಡು, ಹರಿವೆ, ಹಲಸಿನ ಬೀಜ ಎಲ್ಲ ಆಗುತ್ತದೆ. ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆ ಉಬ್ಬರಿಸಿ ಎರಡೇ ದಿನದಲ್ಲಿ ಬಿಡುತ್ತಾರೆ, ಎರಡು ಮೂರು ವಾರದಲ್ಲಿ ಮೆಲ್ಲ ಏರಿಸಬೇಕು. ಗಂಜಿ ಬಿಡಿಸಬೇಡಿ. ಪ್ರಿವೊಟೆಲ್ಲಾ ಇಳಿಸಲೆಂದು ಗಂಜಿ, ಕಾಳು ನಿಲ್ಲಿಸಿದರೆ ಬ್ಯುಟಿರೇಟ್ ಮಾಡುವ ಬ್ಯಾಕ್ಟೀರಿಯಾಕ್ಕೂ ಆಹಾರ ತಪ್ಪುತ್ತದೆ. ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ದಿನಾ ನುಂಗುವುದು ಬೇಡ, ಅದು ಸಣ್ಣ ಕರುಳಿನ ಒಳಪದರವನ್ನು ಗಾಯ ಮಾಡುತ್ತದೆ.

ಮುಂದೆ ಕಾಯಿಲೆ ಬಂದು ಸಲ್ಫಾಸಲಜೀನ್ ಎಂಬ ಸಂಧಿವಾತದ ಮಾತ್ರೆ ಬರೆದುಕೊಟ್ಟರೆ ಮನೆಯವರಿಗೆ ಇದನ್ನು ಹೇಳಿ. ಸ್ವೀಡನ್ನಿನ ನನ್ನಾ ಸ್ವಾರ್ಟ್ಜ್ ಅದನ್ನು ರೂಪಿಸುವಾಗಲೇ ಸಂಧಿವಾತದ ಹಿಂದೆ ಬ್ಯಾಕ್ಟೀರಿಯಾ ಇದೆ ಎಂಬ ಯೋಚನೆ ಇತ್ತು. ಆ ಮಾತ್ರೆಯನ್ನು ಎರಡಾಗಿ ಒಡೆಯುವುದು ದೊಡ್ಡ ಕರುಳಿನ ಬ್ಯಾಕ್ಟೀರಿಯಾ. ದಿನಕ್ಕೆ 500 ಮಿಲಿಗ್ರಾಂನಿಂದ ಶುರುಮಾಡಿ ವಾರವಾರ ಏರಿಸಿ 2 ಗ್ರಾಂ ವರೆಗೆ ಒಯ್ಯುವುದು ವಾಡಿಕೆ. ಮೂತ್ರ ಕಿತ್ತಳೆ ಬಣ್ಣವಾದರೆ ಗಾಬರಿ ಬೇಡ. ನಡುವೆ ಬೇರೆ ಕಾರಣಕ್ಕೆ ಆಂಟಿಬಯೋಟಿಕ್ ಬಂದರೆ ಮಾತ್ರ ವೈದ್ಯರಿಗೆ ತಿಳಿಸಬೇಕು, ಒಡೆಯುವ ಕೆಲಸ ಆಗ ಕುಂಠಿತವಾಗಬಹುದು.

ಉಪ್ಪಳ_ಸಂಧಿವೈದ್ಯ:

ಒಂದು ಸೇರಿಸುತ್ತೇನೆ. ಸಂಧಿವಾತಕ್ಕೆ ಕೊಡುವ ಇನ್ನೊಂದು ಔಷಧಿ ಮೆಥೋಟ್ರೆಕ್ಸೇಟ್ ಬಂದರೆ ಅದು ವಾರಕ್ಕೆ ಒಂದೇ ದಿನ. ಚೀಟಿಯಲ್ಲಿ ವಾರದ ಹೆಸರು ಬರೆಸಿಕೊಳ್ಳಿ, ಫೋಲಿಕ್ ಆಸಿಡ್‌ಗೆ ಬೇರೆ ದಿನ. ದಿನಾ ನುಂಗಿದರೆ ರಕ್ತಕಣಗಳು ಕುಸಿದು ಪ್ರಾಣಕ್ಕೇ ಅಪಾಯ. 34ರ ಪ್ರಾಯ ಅಂದಿರಿ, ಮಗುವಿನ ಯೋಚನೆ ಇದ್ದರೆ ಶುರುಮಾಡುವ ಮೊದಲೇ ವೈದ್ಯರಿಗೆ ಹೇಳಲಿ. ಆ ಔಷಧಿ ಗರ್ಭಕ್ಕೆ ಸಲ್ಲದು, ಸಲ್ಫಾಸಲಜೀನ್ ಮತ್ತು ಹೈಡ್ರಾಕ್ಸಿಕ್ಲೋರೋಕ್ವಿನ್ ಆಗುತ್ತದೆ.